ಮನೆಕಂದಾಯ ಬಾಕಿ, ಮಾಡು ಸೋರುತ್ತಿದೆ: ಎಲ್ಲಿ ಕೇಳಲಿ?

ಪ್ರಶ್ನೆ: ಅಕ್ಕೋರೇ, ನಾನು ಕಾರವಾರದ ಕೋಡಿಬಾಗದವಳು. ಮೀನು ಮಾರಿ ಸಂಸಾರ ನಡೆಸುತ್ತೇನೆ. ಗಂಡ ತೀರಿಕೊಂಡು ಎರಡು ವರ್ಷವಾಯಿತು. ಮನೆ ಇನ್ನೂ ಅವರ ಹೆಸರಲ್ಲೇ ಇದೆ. ಮೂರು ವರ್ಷದ ಮನೆಕಂದಾಯ ಬಾಕಿ. ಕಳೆದ ಮಳೆಗಾಲದಲ್ಲಿ ಹಂಚಿನ ಮಾಡು ಒಂದು ಕಡೆ ಕುಸಿದಿದೆ, ತಾಡಪಾಲು ಹೊದಿಸಿದ್ದೇನೆ. ಮಗನಿಗೆ ಒಂದು ಕಾಲು ಸ್ವಾಧೀನವಿಲ್ಲ. ನಗರಸಭೆಯಲ್ಲಿ ಕಂದಾಯ ಮನ್ನಾ ಮಾಡಿ ಎಂದು ಕೇಳಿದರೆ ಆಗುವುದಿಲ್ಲ ಎಂದು ಕಳಿಸಿದರು. ಮುಂದೇನು?

ಉತ್ತರ: ತಂಗೀ, ನಿಮಗೆ ಆಗುವುದಿಲ್ಲ ಎಂದವರು ಸುಳ್ಳು ಹೇಳಿಲ್ಲ. ಬಡತನ ನೋಡಿ ಕಂದಾಯ ಬಿಡುವ ಅಧಿಕಾರ ಕೌಂಟರಿನಲ್ಲಿ ಕೂತವರಿಗೆ ಇಲ್ಲ. ಆದರೆ ಅವರು ಅರ್ಧ ಮಾತು ಮಾತ್ರ ಹೇಳಿದ್ದಾರೆ. ನಾನೂ ಒಂದು ಕಾಲದಲ್ಲಿ ಹಾಗೇ ಮಾಡಿದ್ದೆ. ಘಟ್ಟದ ಮೇಲಿನ ಒಂದು ಊರಿನಲ್ಲಿ ಕಂದಾಯ ವಿಭಾಗದಲ್ಲಿದ್ದಾಗ ಒಬ್ಬ ಹೆಂಗಸಿಗೆ "ಮನ್ನಾ ಇಲ್ಲಮ್ಮ" ಎಂದು ಹೇಳಿ ಕಳಿಸಿದೆ. ಎರಡು ದಿನ ಬಿಟ್ಟು ಆಕೆ ದುಡ್ಡು ತಂದು ಕಟ್ಟಿದಳು. ಕಿವಿಯಲ್ಲಿ ಓಲೆ ಇರಲಿಲ್ಲ. ಬಡವರಿಗೆಂದೇ ತೆಗೆದಿಟ್ಟ ಹಣ ಪಕ್ಕದ ಕೋಣೆಯ ಕಡತದಲ್ಲೇ ಇತ್ತು, ನಾನು ಹೇಳಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ. ಅದಕ್ಕೇ ನಿಮಗೆ ಪೂರ್ತಿ ಹೇಳುತ್ತೇನೆ.

ನಗರಸಭೆ ತನ್ನ ಹಣದಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ಬೇರೆ ಇಡಬೇಕು. ಪಂಚಾಯಿತಿಯಲ್ಲೂ ಇಂಥ ಪಾಲು ಇದೆ, ಲೆಕ್ಕ ಬೇರೆ. ಮನೆ ದುರಸ್ತಿ, ಆಸ್ಪತ್ರೆ ಖರ್ಚು, ಮಕ್ಕಳ ಓದು, ಹೀಗೆ ಆ ವರ್ಷದ ಕ್ರಿಯಾ ಯೋಜನೆಯಲ್ಲಿ, ಅಂದರೆ ಆ ಹಣ ಯಾವುದಕ್ಕೆ ಎಂಬ ಪಟ್ಟಿಯಲ್ಲಿ, ಏನು ಸೇರಿದೆಯೋ ಅದಕ್ಕೆ ಸಹಾಯ ಸಿಗುತ್ತದೆ. ಇದು ಕೇಳಿದವರಿಗೆಲ್ಲ ಸಿಗುವಂಥದ್ದಲ್ಲ. ಅರ್ಜಿ ಜಾಸ್ತಿ, ಹಣ ಕಡಿಮೆ, ಆರಿಸಿ ಕೊಡುತ್ತಾರೆ. ಹಾಗಾಗಿ ಬಾಯಲ್ಲಿ ಕೇಳಿ ಬಾಯಲ್ಲಿ ಉತ್ತರ ಪಡೆದು ಬರಬೇಡಿ. ನಗರಸಭೆಯ ಮುಖ್ಯ ಅಧಿಕಾರಿ ಪೌರಾಯುಕ್ತರ ಹೆಸರಿಗೆ ಎರಡು ಅರ್ಜಿ ಬರೆಯಿರಿ. ಒಂದು ನಿಮ್ಮದು, ಮಾಡಿನ ದುರಸ್ತಿಗೆ, ಶೇ 7.25ರಲ್ಲಿ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಶೇ 24.10 ಎಂದು ಬರೆಯಿರಿ. ಇನ್ನೊಂದು ಮಗನದು, ಶೇ 5ರಲ್ಲಿ. ಅವನ ಅಂಗವಿಕಲತೆಯ ಗುರುತಿನ ಚೀಟಿ ಆಗಿಲ್ಲ ಎಂದರೆ ಮೊದಲು ಅದನ್ನು ಮಾಡಿಸಿ. ಅದಿಲ್ಲದೆ ಅವನ ಅರ್ಜಿ ಮುಂದೆ ಹೋಗುವುದಿಲ್ಲ.

ಬಿಪಿಎಲ್ ಕಾರ್ಡ್, ಜಾತಿ ಆದಾಯ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್, ಇವುಗಳ ಝೆರಾಕ್ಸ್ ಜೊತೆಗೆ ಮಾಡಿನ ಫೋಟೊ ಇಡಿ. ತಾಡಪಾಲು ಸರಿಸಿ, ಮುರಿದ ಪಕಾಸು ಕಾಣುವ ಹಾಗೆ ತೆಗೆಸಿ. ಸುಮ್ನೆ "ಕಷ್ಟದಲ್ಲಿದ್ದೇನೆ" ಎಂದು ಬರೆದರೆ ನೂರು ಅರ್ಜಿಯಲ್ಲಿ ಅದೂ ಒಂದಾಗುತ್ತದೆ. ದಿನಕ್ಕೆ ಎಷ್ಟು ದುಡಿಯುತ್ತೀರಿ, ಮಳೆಗಾಲದಲ್ಲಿ ದೋಣಿ ಇಳಿಯದಿದ್ದಾಗ ಎಷ್ಟು ಕೈಗೆ ಬರುತ್ತದೆ, ಹಂಚು ಮರಕ್ಕೆ ಬಡಗಿ ಎಷ್ಟು ಹೇಳಿದ್ದಾನೆ, ಅದನ್ನು ಬರೆಯಿರಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ನಂಬರು ಹಾಕಿಸಿಕೊಳ್ಳಿ. ವಾರ್ಡಿನ ಸದಸ್ಯರಿಗೂ ಒಂದು ಪ್ರತಿ ಕೊಡಿ.

ಈಗ ಕಂದಾಯ. ಮನೆ ನಿಮ್ಮ ಹೆಸರಿಗೆ ಆಗಬೇಕಾದರೆ ಬಾಕಿ ತೀರಬೇಕು. ದುರಸ್ತಿ ಹಣ ಕೇಳುವಾಗ ಮನೆಯ ಖಾತೆ, ಅಂದರೆ ನಗರಸಭೆಯ ದಾಖಲೆ, ಯಾರ ಹೆಸರಲ್ಲಿದೆ ಎಂದು ಕೇಳುತ್ತಾರೆ. ಗಂಟು ಇರುವುದು ಇಲ್ಲೇ. ಮೂರು ವರ್ಷದ್ದು ಒಟ್ಟಿಗೆ ಆಗದಿದ್ದರೆ ವರ್ಷಕ್ಕೊಂದು ಚಲನ್ ಮಾಡಿಕೊಡಿ ಎಂದು ಕೇಳಿ, ಹಳೆಯದರಿಂದ ಶುರು ಮಾಡಿ. ಬಿಟ್ಟಷ್ಟೂ ತಿಂಗಳಿಗೆ ಶೇ 2 ದಂಡ ಏರುತ್ತದೆ. ಆಮೇಲೆ ಆಯಾ ವರ್ಷದ್ದನ್ನು ಏಪ್ರಿಲಿನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಈಗಲೇ ತೆಗೆದಿಟ್ಟುಕೊಳ್ಳಿ. ಖಾತೆ ಆಗುವವರೆಗೆ ಕಾಯದೆ, ಬದಲಾವಣೆಗೆ ಕೊಟ್ಟ ಅರ್ಜಿಯ ಪ್ರತಿಯನ್ನೇ ದುರಸ್ತಿ ಅರ್ಜಿಗೆ ಲಗತ್ತಿಸಿ.

ಮಳೆಯಲ್ಲಿ ಮನೆ ಬಿದ್ದಾಗ ಸಿಗುವ ಪರಿಹಾರ ನಗರಸಭೆಯದ್ದಲ್ಲ, ತಹಶೀಲ್ದಾರ್ ಕಚೇರಿಯದ್ದು. ಕಳೆದ ವರ್ಷ ಪಂಚನಾಮೆ, ಅಂದರೆ ಸ್ಥಳ ನೋಡಿ ನಷ್ಟ ಬರೆದುಕೊಳ್ಳುವುದು, ಆಗಿತ್ತೇ ಎಂದು ನೀವು ಬರೆದಿಲ್ಲ. ಆಗಿದ್ದರೆ ಅದರ ನಕಲು ಕೇಳಿ, ನಿಮ್ಮ ಫೋಟೊಗಿಂತ ದೊಡ್ಡ ಸಾಕ್ಷಿ ಅದು. ವಿಧವಾ ವೇತನ ತಿಂಗಳಿಗೆ 800 ರೂಪಾಯಿ ಬರುತ್ತಿದೆಯಾ? ಅದರ ಬಗ್ಗೆಯೂ ನೀವು ಏನೂ ಬರೆದಿಲ್ಲ. ಇಲ್ಲ ಎಂದಾದರೆ ಅದೇ ದಿನ ನಾಡಕಚೇರಿಗೂ ಹೋಗಿ ಬನ್ನಿ.

ಜೂನ್ ಬರುವ ಮೊದಲು ಇದೆಲ್ಲ ಕೊಟ್ಟಾಗಬೇಕು. ಸೀಲು ಬಿದ್ದ ಪ್ರತಿಯ ಫೋಟೊ ನನಗೆ ಕಳಿಸಿ. ತಿಂಗಳಾದರೂ ಉತ್ತರ ಬರದಿದ್ದರೆ ಮುಂದಿನ ಪತ್ರ ನಾನೇ ಬರೆದುಕೊಡುತ್ತೇನೆ.