"ಮನಸ್ಸು ನನ್ ಮಾತೇ ಕೇಳ್ತಿಲ್ಲ ಮೇಡಂ"

ಇದು ನನ್ನ ಹತ್ರ ಸಲಹೆ ಕೇಳೋಕೆ ಬಂದ ಒಬ್ಬರ ಮಾತು, ಗುರುತು ಸಿಗಬಾರ್ದು ಅಂತ ವಿವರಗಳನ್ನ ಬದಲಾಯಿಸಿದೀನಿ. ಮಾರತಹಳ್ಳಿ ಕಡೆ ಪಿಜಿಲಿರೋ ಹುಡುಗ, ಐಟಿ ಕೆಲಸ, ಊರು ಹಾಸನದ ಹತ್ರ. ಅಪ್ಪಂಗೆ ಸ್ಟ್ರೋಕ್ ಆಗಿದೆ. ಅಮ್ಮ ದಿನಾ ಫೋನಲ್ಲಿ "ಮನಸ್ಸು ಗಟ್ಟಿ ಮಾಡ್ಕೋ ಮಗ" ಅಂತಾರೆ, ಇವರು ಆ ಮನಸ್ಸು ಒಳಗೆ ಎಲ್ಲಿದೆ, ಗಟ್ಟಿ ಮಾಡೋ ನಾನು ಬೇರೆನಾ, ಮಾತು ಕೇಳದೇ ಇರೋದು ಮನಸ್ಸಾದ್ರೆ ಹೇಳ್ತಿರೋದು ಯಾರು ಅಂತ ಯೋಚಿಸ್ತಾ ರಾತ್ರಿಯೆಲ್ಲಾ ನಿದ್ದೆಗೆಟ್ಟಿದ್ರು.

ಇಂಥ ಪ್ರಶ್ನೆನ ತಲೆಹರಟೆ ಅಂತ ತಳ್ಳಲೇಬಾರ್ದು. ಮೊದಲು ಸೈಕಿಯಾಟ್ರಿಸ್ಟ್ ಹತ್ರ ಕಳಿಸ್ದೆ, ಯಾಕಂದ್ರೆ ಧ್ವನಿ ಕೇಳಿಸೋದು, ಮೈ ನನ್ನದಲ್ಲ ಅನ್ಸೋದು ಇದ್ರೆ ದಾರಿನೇ ಬೇರೆ. ಅದೇನೂ ಇರ್ಲಿಲ್ಲ. (ನಿಮಗೆ ಹಾಗನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ.)

ಆಮೇಲೆ ಬ್ರಿಟಿಷ್ ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್ ಬಗ್ಗೆ ಹೇಳ್ದೆ. 1949ರಲ್ಲಿ ಬಂದ ಅವರ ಪುಸ್ತಕದಲ್ಲಿ ಒಬ್ಬ ಆಕ್ಸ್‌ಫರ್ಡ್‌ಗೆ ಬಂದು ಕಾಲೇಜು, ಲೈಬ್ರರಿ, ಮೈದಾನ ಎಲ್ಲಾ ನೋಡಿ "ಸರಿ, ಯೂನಿವರ್ಸಿಟಿ ಎಲ್ಲಿ?" ಅಂತ ಕೇಳ್ತಾನೆ. ಅವನು ನೋಡಿದ್ದೆಲ್ಲಾ ಸೇರಿದ್ರೇನೇ ಯೂನಿವರ್ಸಿಟಿ, ಅದು ಬೇರೆ ಇನ್ನೊಂದು ಕಟ್ಟಡ ಅಲ್ಲ; ಮನಸ್ಸನ್ನ ಹುಡುಕೋದೂ ಹಾಗೇ ಅಂತ ರೈಲ್ ಹೇಳ್ತಾರೆ. "ಹಾಗಾದ್ರೆ ಮನಸ್ಸೇ ಇಲ್ವಾ ಮೇಡಂ?" ಅಂದ್ರು. ಇದೆ, ಆದ್ರೆ ನೀವು ಹೆದರೋದು, ನೆನೆಸ್ಕೊಳ್ಳೋದು, ತೀರ್ಮಾನ ಮಾಡೋದು ಇದೆಲ್ಲಾ ಬಿಟ್ಟು ಪಕ್ಕದಲ್ಲಿ ಇನ್ನೊಂದು ವಸ್ತುವಾಗಿ ಇಲ್ಲ ಅಂತ ರೈಲ್ ವಾದ ಅಂದೆ. ಎಲ್ಲ ತತ್ತ್ವಜ್ಞಾನಿಗಳೂ ಇದನ್ನ ಒಪ್ಪಲ್ಲ, ಅದನ್ನೂ ಹೇಳ್ದೆ.

ಆ ಹುಡುಗನ ಒಂದು ಮಾತು ನನಗೆ ಮುಖ್ಯ ಅನ್ಸಿತ್ತು: "ಊರಿಗೆ ಹೋಗೋಕೆ ಮನಸ್ಸು ಒಪ್ತಿಲ್ಲ." ‘ಮನಸ್ಸು’ ಬಿಟ್ಟು ಅದನ್ನೇ ಹೇಳಿ ನೋಡೋಣ ಅಂದೆ. ತುಂಬಾ ಒದ್ದಾಡಿದ್ರು. ಕೊನೆಗೆ, "ಹೋದ್ರೆ ಕೆಲಸ ಹೋಗುತ್ತೆ, ಇಎಂಐ ಕಟ್ಟೋಕಾಗಲ್ಲ ಅಂತ ನಾನು ಹೆದರಿದೀನಿ, ಅಪ್ಪನ್ನ ನೋಡ್ಕೊಳ್ಳೋಕೆ ಹೋಗ್ತಿಲ್ಲ ಅಂತ ನಾಚಿಕೆನೂ ಆಗ್ತಿದೆ" ಅಂತ ಅತ್ತರು. ಅಷ್ಟು ದಿನ ಈ ಭಯ, ನಾಚಿಕೆ ಎರಡೂ ಒಂದು ವಾಕ್ಯದ ಹಿಂದೆ ಅಡಗಿ ಕೂತಿದ್ವು, ಅದನ್ನ ಬಿಡಿಸಿದ ಮೇಲೆ ಮಾತಾಡೋಕೆ ಏನೋ ಸಿಕ್ತು.

ಕೊಟ್ಟ ಸಲಹೆ ಇಷ್ಟು. ತಾನಾಗೇ ಬರೋ ಯೋಚನೆಗೆ "ನಂಗೆ ಹೀಗೊಂದು ಯೋಚನೆ ಬಂತು" ಅನ್ನಿ, ಕನ್ನಡದಲ್ಲಿ ಅದು ಸಹಜವಾಗೇ ಇದೆ, ಬಂದಿದ್ದಕ್ಕೆಲ್ಲ ನೀವು ಹೊಣೆ ಅಲ್ಲ. ಆದ್ರೆ ಮಾಡೋದು, ಬಿಡೋದು ಬಂದಾಗ ಮನಸ್ಸನ್ನ ಮುಂದೆ ತಳ್ಳದೆ ‘ನಾನು’ ಅಂತಾನೇ ಹೇಳಿ. ‘ನಾನು ಯಾರು’ ಅನ್ನೋ ಓದು ಹಗಲು ಹೊತ್ತಲ್ಲಿ ಇರ್ಲಿ, ಹಾಸಿಗೇಲಿ ಬೇಡ.

ಆಫೀಸಲ್ಲಿ ವರ್ಕ್ ಫ್ರಮ್ ಹೋಮ್ ಕೇಳಿದ್ರು, ಸದ್ಯಕ್ಕೆ ಸಿಕ್ಕಿದೆ. ಪ್ರಶ್ನೆ ಇನ್ನೂ ಬಿಟ್ಟಿಲ್ಲ, ಬಿಡಬೇಕು ಅಂತಾನೂ ನಾನು ಹೇಳಿಲ್ಲ. ಈಗ ವಿಟ್‌ಗೆನ್‌ಸ್ಟೈನ್ ಅನ್ನೋ ಇನ್ನೊಬ್ಬ ತತ್ತ್ವಜ್ಞಾನಿನ ಓದ್ತಿದೀನಿ ಅಂತ ಮೆಸೇಜ್ ಮಾಡಿದ್ರು.