ಅಂಗಳದ ಕ್ಯಾಮೆರಾ ನೆರೆಮನೆಯ ಹಿತ್ತಿಲನ್ನು ನೋಡಬಹುದೇ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಅಡಿಕೆ ಕಳವಿನ ಭಯದಿಂದ ಅಂಗಳಕ್ಕೂ ಉಗ್ರಾಣಕ್ಕೂ ನಾಲ್ಕು ಸಿಸಿ ಕ್ಯಾಮೆರಾ ಮತ್ತು ಸೈರನ್ ಹಾಕಿಸಿದ್ದೇವೆ. ತಮ್ಮ ಹಿತ್ತಿಲು, ಬಾವಿಕಟ್ಟೆ ಎಲ್ಲವೂ ಅದರಲ್ಲಿ ಕಾಣುತ್ತದೆಂದು ಪಕ್ಕದ ಮನೆಯವರು ತಕರಾರು ತೆಗೆದಿದ್ದಾರೆ. ಸಾಲದ್ದಕ್ಕೆ ಸೈರನ್ ರಾತ್ರಿ ಎರಡು ಮೂರು ಸಲ ಕೂಗುತ್ತದೆ. ಎದ್ದು ನೋಡಿದರೆ ಯಾರೂ ಇರುವುದಿಲ್ಲ. ಕಾನೂನಿನಲ್ಲಿ ನಮ್ಮ ಹೊಣೆ ಏನು?

ಉತ್ತರ: ನಿಮ್ಮ ಎರಡು ತೊಂದರೆಗಳ ಬೇರು ಬಹುಮಟ್ಟಿಗೆ ಒಂದೇ: ಕ್ಯಾಮೆರಾ ತನಗೆ ಬೇಡದ ಜಾಗವನ್ನೂ ನೋಡುತ್ತಿದೆ. ನೆರೆಯವರ ಹಿತ್ತಿಲು ಚೌಕಟ್ಟಿನೊಳಗೆ ಬಂದಿರುವುದರಿಂದ ತಕರಾರು ಹುಟ್ಟಿದೆ. ಅದೇ ಹಿತ್ತಿಲಿನ ಬಾಳೆ ಎಲೆ ಗಾಳಿಗೆ ಅಲುಗಿದಾಗ ಸೈರನ್ನೂ ಕೂಗುತ್ತಿರಬಹುದು.

ಸ್ವಂತ ಜಾಗದ ಕಾವಲಿಗೆ ಕ್ಯಾಮೆರಾ ಹಾಕಿಕೊಳ್ಳಲು ಅಡ್ಡಿಯಿಲ್ಲ. ಆದರೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದೆ (ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು). ಭದ್ರತೆಯ ನೆಪದಲ್ಲಿ ನೆರೆಮನೆಯೊಳಗೆ ಇಣುಕುವಂತಿಲ್ಲವೆಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿತು. ಒಂದೇ ಮನೆಯಲ್ಲಿರುವ ಸಹವಾಸಿಯ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ಇಡಬಾರದೆಂಬ ಕಲ್ಕತ್ತಾ ಹೈಕೋರ್ಟಿನ ತೀರ್ಪಿನಲ್ಲಿ ಮಧ್ಯಪ್ರವೇಶಿಸಲು ಸುಪ್ರೀಂ ಕೋರ್ಟ್ 2025ರಲ್ಲಿ ನಿರಾಕರಿಸಿತು. ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಆತಂಕ ತರುವುದು ಆ ಬಾವಿಕಟ್ಟೆ. ಅಲ್ಲಿ ಹೆಂಗಸರು ಸ್ನಾನ ಮಾಡುವ ಅಥವಾ ಬಟ್ಟೆ ಬದಲಿಸುವ ಪದ್ಧತಿಯಿದ್ದರೆ, ವಿಷಯ ಸಿವಿಲ್ ವ್ಯಾಜ್ಯಕ್ಕೆ ನಿಲ್ಲದೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು (ಹೆಂಗಸರನ್ನು ಕದ್ದು ನೋಡುವ, ಚಿತ್ರಿಸುವ ಅಪರಾಧ) ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನವರೆಗೆ (ಖಾಸಗಿ ಅಂಗಗಳ ಚಿತ್ರ ತೆಗೆಯುವ ಅಪರಾಧ) ಹೋಗಬಹುದು. ನೆರೆಯವರು ಬಾಯಿಬಿಟ್ಟು ಹೇಳಿದ ಮೇಲೆ 'ನಮಗೆ ಗೊತ್ತಿರಲಿಲ್ಲ' ಎನ್ನುವ ದಾರಿಯೂ ಉಳಿದಿಲ್ಲ.

ಆದ್ದರಿಂದ ಮೊದಲು ಕ್ಯಾಮೆರಾದ ಮುಖವನ್ನು ಕೆಳಕ್ಕೆ, ನಿಮ್ಮ ಅಂಗಳದತ್ತ ತಿರುಗಿಸಿ. ಆಗಲೂ ಹಿತ್ತಿಲಿನ ಮೂಲೆ ಕಂಡರೆ ಸೆಟ್ಟಿಂಗ್ಸಿನಲ್ಲಿ 'ಪ್ರೈವೆಸಿ ಮಾಸ್ಕ್' ಹಾಕಿ. ಇಲ್ಲಿ ಬಹಳ ಮಂದಿ ಎಡವುತ್ತಾರೆ: 'ಮೋಷನ್ ಝೋನ್'ನಿಂದ ಹಿತ್ತಿಲನ್ನು ಹೊರಗಿಟ್ಟರೆ ಆ ಜಾಗದ ಚಲನೆಗೆ ಅಲಾರಂ ಬರುವುದಿಲ್ಲ, ಅಷ್ಟೆ, ರೆಕಾರ್ಡಿಂಗ್ ಮಾತ್ರ ನಡೆದೇ ಇರುತ್ತದೆ. ಮಾಸ್ಕ್ ಹಾಕಿದಾಗಲೇ ಆ ಭಾಗ ಚಿತ್ರದಲ್ಲಿ ಕಪ್ಪಾಗುವುದು. ಮಾಸ್ಕ್ ಹಾಕಿದ ಮೇಲೆ ನೆರೆಯವರನ್ನು ಕರೆದು ಪರದೆಯನ್ನು ತೋರಿಸಿಬಿಡಿ. ವಕೀಲರ ನೋಟಿಸಿಗಿಂತ ಇದು ಅಗ್ಗ. ಧ್ವನಿ ರೆಕಾರ್ಡಿಂಗ್ ಇದ್ದರೆ ಅದನ್ನೂ ಆರಿಸಿ. ಕಳ್ಳನನ್ನು ಗುರುತಿಸಲು ಬೇಲಿಯಾಚೆಯ ಮಾತುಕತೆ ಬೇಕಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವ್ಯಕ್ತಿಯೊಬ್ಬರ ಖಾಸಗಿ ಅಥವಾ ಮನೆಬಳಕೆಗೆ ಅನ್ವಯಿಸುವುದಿಲ್ಲ. ಆದರೆ ನಿಮ್ಮ ಉಗ್ರಾಣ ವ್ಯಾಪಾರದ ಗೋದಾಮೂ ಆಗಿದ್ದು, ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಕೂಲಿಯವರು ಬರುತ್ತಾರಾದರೆ ಈ ವಿನಾಯಿತಿಯನ್ನೇ ನೆಚ್ಚಿಕೊಳ್ಳಬೇಡಿ. ಕ್ಯಾಮೆರಾ ಇದೆಯೆಂಬ ಕನ್ನಡದ ಫಲಕ ಹಾಕಿ, ಕೆಲಸದವರಿಗೆ ಬಾಯಿಮಾತಿನಲ್ಲೂ ತಿಳಿಸಿ.

ಇನ್ನು ಸೈರನ್. ರಾತ್ರಿ ಕೂಗಿದ ಹೊತ್ತನ್ನು ಬರೆದಿಟ್ಟುಕೊಂಡು, ಅದೇ ನಿಮಿಷದ ರೆಕಾರ್ಡಿಂಗನ್ನು ಮರುದಿನ ನೋಡಿ. ಮಲೆನಾಡಿನ ಮನೆಗಳಲ್ಲಿ ನಾನು ಹೆಚ್ಚಾಗಿ ಕಂಡ ಅಪರಾಧಿ ಜೇಡ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪದ ಸುತ್ತ ಹುಳು ಸೇರುತ್ತವೆ, ಹುಳು ಇದ್ದಲ್ಲಿ ಜೇಡ ಬಲೆ ಕಟ್ಟುತ್ತದೆ. ಮಸೂರಕ್ಕೆ ಒಂದಂಗುಲ ದೂರದ ಒಂದು ಎಳೆ ಪರದೆಯ ಮೇಲೆ ಹಗ್ಗದಷ್ಟು ದಪ್ಪಗೆ, ಬೆಳ್ಳಗೆ ಹೊಳೆದು ತೂಗಾಡುತ್ತದೆ. ಯಂತ್ರದ ಪಾಲಿಗೆ ಅದೂ ಚಲನೆಯೇ. ಮಳೆಯ ಹನಿಯೂ ಹಾಗೆಯೇ. ವಾರಕ್ಕೊಮ್ಮೆ ಒಣಬಟ್ಟೆಯಿಂದ ಬಲೆ ತೆಗೆಯಿರಿ. ಸಾಧ್ಯವಾದರೆ ಕ್ಯಾಮೆರಾದ ದೀಪವನ್ನು ಆರಿಸಿ, ಅದರಿಂದ ನಾಲ್ಕಾರು ಅಡಿ ದೂರದಲ್ಲಿ ಬೇರೆ ಇನ್‌ಫ್ರಾರೆಡ್ ದೀಪ ಹಾಕಿಸಿ. ಕ್ಯಾಮೆರಾದಲ್ಲಿ ಮನುಷ್ಯರನ್ನು ಮಾತ್ರ ಗುರುತಿಸುವ ಸೌಲಭ್ಯವಿದ್ದರೆ ಬೆಕ್ಕು, ನಾಯಿಯ ಕಾಟ ಬಹುಪಾಲು ತಪ್ಪುತ್ತದೆ.

ಉಗ್ರಾಣದ ಒಳಗೆ ಸೈರನ್ ಕೂಗಿಸುವ ಪಿಐಆರ್ ಸೆನ್ಸರ್ ಇದ್ದರೆ, ಅದು ಬೇರೆ ಜಾತಿ. ಅದು ಚಿತ್ರ ನೋಡುವುದಿಲ್ಲ, ಶಾಖದ ವ್ಯತ್ಯಾಸವನ್ನು ಹಿಡಿಯುತ್ತದೆ. ಅದರ ಗಾಜಿನಂಥ ಮುಖದ ಮೇಲೆ ಹಲ್ಲಿ ಹರಿದರೂ ಆಳು ಬಂದಂತೆ ಲೆಕ್ಕ ಹಾಕಬಲ್ಲದು. ಬಿಸಿಲು ಬೀಳುವ ಕಿಟಕಿಗೂ ಒಲೆಗೂ ಅದನ್ನು ಎದುರಾಗಿ ಇಡಬೇಡಿ. ಸೈರನ್ ತಾನಾಗಿಯೇ ಎರಡು ಮೂರು ನಿಮಿಷದಲ್ಲಿ ನಿಲ್ಲುವಂತಿರಲಿ: 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶದ ಮಿತಿ ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್ ಮಾತ್ರ. ಹುಸಿ ಅಲಾರಂ ನಂಬಿ 112ಕ್ಕೆ ಕರೆ ಮಾಡಿದ್ದು ತಪ್ಪಲ್ಲ. ಸುಳ್ಳೆಂದು ತಿಳಿದೂ ಮಾಡಿದರೆ ನ್ಯಾಯ ಸಂಹಿತೆಯ 217ನೇ ಕಲಮು ಬರಬಹುದು. ಆದರೂ ಫೋನಿನಲ್ಲಿ ದೃಶ್ಯ ನೋಡಿಯೇ ಕರೆ ಮಾಡುವುದು ಒಳ್ಳೆಯದು.

ಪ್ರಶ್ನೆ: ಪಟ್ಟಣದಲ್ಲಿ ದೊಡ್ಡ ಬಟ್ಟೆ ಅಂಗಡಿಯಿದೆ. ರೆಕಾರ್ಡಿಂಗ್ ಎಷ್ಟು ದಿನ ಇಡಬೇಕು? ಪೊಲೀಸರು ಕೇಳಿದರೆ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯನ್ನೇ ಕೊಟ್ಟುಬಿಡಬೇಕೇ?

ಉತ್ತರ: ಒಮ್ಮೆಗೆ 100 ಅಥವಾ ದಿನಕ್ಕೆ 500 ಮಂದಿ ಸೇರುವ ವಾಣಿಜ್ಯ ಸಂಸ್ಥೆಯಾದರೆ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಕ್ಯಾಮೆರಾ ಕಡ್ಡಾಯ, ದೃಶ್ಯಗಳನ್ನು 30 ದಿನ ಉಳಿಸಿ, ಪೊಲೀಸರು ಕೇಳಿದಾಗ ಒದಗಿಸಬೇಕು. ಕೋರಿಕೆಯನ್ನು ಬರಹದಲ್ಲಿ ಪಡೆಯಿರಿ, ಬೇಕಾದ ದಿನದ ಪ್ರತಿಯನ್ನು ಕೊಡಿ. ಪೆಟ್ಟಿಗೆಯನ್ನೇ ವಶಪಡಿಸಿಕೊಂಡರೆ ಪಂಚನಾಮೆಯ ಪ್ರತಿ ಕೇಳಿ. ಪ್ರತಿ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಸಂಖ್ಯೆಯನ್ನೂ (ಕಡತ ತಿದ್ದಿಲ್ಲವೆಂದು ತೋರಿಸುವ ಗುರುತು) ನಮೂದಿಸಬೇಕು. ಡಿವಿಆರ್‌ನ ಗಡಿಯಾರ ಸರಿಯಿದೆಯೇ ಎಂದು ಇವತ್ತೇ ನೋಡಿ. ಹತ್ತು ನಿಮಿಷ ಹಿಂದಿದ್ದರೂ ಎದುರು ಪಕ್ಷದ ವಕೀಲರು ಅದನ್ನು ಬಿಡುವುದಿಲ್ಲ. ಮತ್ತು ಕಳ್ಳನೆಂದು ಅನುಮಾನ ಬಂದ ಗಿರಾಕಿಯ ದೃಶ್ಯವನ್ನು ವ್ಯಾಪಾರಿಗಳ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ: ಆತ ನಿರಪರಾಧಿಯಾದರೆ ಮಾನಹಾನಿ ಮೊಕದ್ದಮೆಯಲ್ಲಿ ಆರೋಪಿಯಾಗುವವರು ನೀವು.