ಏಳರಲ್ಲಿ ಐದು ಇದ್ದರೆ ಅರ್ಜಿ ಹಾಕಬಾರದೇ?

ಜಾಹೀರಾತಿನಲ್ಲಿ ಕೇಳಿದ್ದೆಲ್ಲ ತಮ್ಮಲ್ಲಿಲ್ಲ ಎಂದು ಅರ್ಜಿಯನ್ನೇ ಹಾಕದೆ, ಕೆಲಸದ ಬಗ್ಗೆ ಸಲಹೆ ಕೇಳಲು ಈ ವರ್ಷ ನನ್ನ ಬಳಿ ಬಂದವರಲ್ಲಿ ಇವರು ನಾಲ್ಕನೆಯವರು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ. ಸುಮಾ ಎನ್ನೋಣ.

ಬಿ.ಕಾಂ. ಓದಿದವರು. 2015ರಿಂದ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದರು. ಮಗುವಾದ ಮೇಲೆ ಬಿಟ್ಟರು. ಈಗ ಮತ್ತೆ ಕೆಲಸ ಬೇಕು. ಆದರೆ ಆರು ತಿಂಗಳಲ್ಲಿ ಒಂದೇ ಒಂದು ಅರ್ಜಿ ಹಾಕಿಲ್ಲ.

ಎರಡನೇ ಭೇಟಿಗೆ ಒಂದು ಜಾಹೀರಾತು ಪ್ರಿಂಟ್ ತೆಗೆಸಿಕೊಂಡು ಬಂದರು. ಏಳು ಅರ್ಹತೆಗಳಲ್ಲಿ ಐದರ ಮುಂದೆ ಪೆನ್ಸಿಲಿನ ಸಣ್ಣ ಗುರುತು. ‘ಸ್ಯಾಪ್ ಅನುಭವ’, ‘ಎಂ.ಕಾಂ. ಇದ್ದರೆ ಒಳ್ಳೆಯದು’ ಎಂಬ ಎರಡಕ್ಕೆ ಮಾತ್ರ ಕೆಂಪು ಪೆನ್ನಿನ ಸುತ್ತು, ಕಾಗದ ಹರಿಯುವಷ್ಟು ಒತ್ತಿ. ಸ್ಯಾಪ್ ಎಂದರೆ ಕಂಪನಿಗಳು ಲೆಕ್ಕಪತ್ರಕ್ಕೆ ಬಳಸುವ ಒಂದು ಸಾಫ್ಟ್‌ವೇರ್.

“ಇದು ನನಗಲ್ಲ ಮೇಡಂ” ಎಂದರು.

ನಾನು ಧೈರ್ಯ ಹೇಳಲು ಹೋಗಲಿಲ್ಲ. “2017ರ ಜುಲೈನಲ್ಲಿ ಜಿಎಸ್‌ಟಿ ಬಂತಲ್ವಾ? ಆಗ ನಿಮಗೆ ಎಷ್ಟು ವರ್ಷದ ಜಿಎಸ್‌ಟಿ ಅನುಭವ ಇತ್ತು?” ಎಂದೆ.

ನಕ್ಕುಬಿಟ್ಟರು. “ಅದು ಯಾರಿಗಿತ್ತು ಮೇಡಂ? ಅಲ್ಲೀವರೆಗೆ ನಾನು ತುಂಬಿದ್ದು ಹಳೇ ತೆರಿಗೆಯ ವ್ಯಾಟ್ 100 ಫಾರ್ಮ್.” ಆಮೇಲೆ ತಾವಾಗಿಯೇ ಹೇಳುತ್ತಾ ಹೋದರು. ಪೋರ್ಟಲ್ ತೆರೆಯದೆ ರಾತ್ರಿ ಒಂಬತ್ತರವರೆಗೆ ಕೂತಿದ್ದು. ಯಾವ ಸರಕು ಎಂದು ಗುರುತಿಸುವ ಎಚ್‌ಎಸ್‌ಎನ್ ಕೋಡ್‌ಗಳನ್ನು ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದು. ಪಕ್ಕದ ಕಾರ್ಖಾನೆಯವರು ಇವರನ್ನೇ ಕೇಳಲು ಬರುತ್ತಿದ್ದುದು. ಹೇಳುತ್ತಾ ಹೇಳುತ್ತಾ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, “ಒಂದ್ಸಲ ಸರ್ಕಾರಿ ಕೆಲಸಕ್ಕೆ ಹಾಕಿದ್ದೆ. ಡಿಗ್ರಿ ರಿಸಲ್ಟ್ ಬಂದಿದ್ದು ಅರ್ಜಿಯ ಕೊನೇ ದಿನಾಂಕ ಮುಗಿದ ಮೇಲೆ. ದಾಖಲೆ ಪರಿಶೀಲನೆಯಲ್ಲಿ ತೆಗೆದುಹಾಕಿದ್ರು” ಎಂದರು.

ಗಂಟು ಇದ್ದದ್ದು ಇಲ್ಲಿ. ನಮ್ಮ ಮನೆಗಳಲ್ಲಿ ಮಕ್ಕಳು ಮೊದಲು ಓದಲು ಕಲಿಯುವುದು ಸರ್ಕಾರಿ ನೇಮಕಾತಿ ಅಧಿಸೂಚನೆಯನ್ನು. ಅರ್ಜಿಯ ಕೊನೆಯ ದಿನಕ್ಕೆ ವಿದ್ಯಾರ್ಹತೆ ಇಲ್ಲವೆಂದರೆ ಅಲ್ಲಿಗೆ ಮುಗಿಯಿತು. ಆಮೇಲೆ ಖಾಸಗಿ ಕಂಪನಿಯ ಜಾಹೀರಾತನ್ನೂ ಅದೇ ಕಣ್ಣಲ್ಲಿ ಓದುತ್ತೇವೆ. ಅದಾದರೋ ಬಹಳ ಸಲ ವರ ಹುಡುಕುವವರ ಪಟ್ಟಿಯ ಹಾಗೆ. ಬೇಕು ಅನ್ನಿಸಿದ್ದನ್ನೆಲ್ಲ ಬರೆದಿರುತ್ತಾರೆ, ಬಂದವರಲ್ಲಿ ಹೊಂದುವವರನ್ನು ಆರಿಸುತ್ತಾರೆ. ಸುಮಾ ಅವರಂಥವರಿಗೆ ಆತ್ಮವಿಶ್ವಾಸ ಇಲ್ಲ ಎಂದು ಬೈಯುವವರನ್ನು ಕಂಡರೆ ನನಗೆ ನೋವಾಗುತ್ತದೆ. ಅವರು ನಿಯಮ ಪಾಲಿಸಿದವರು, ಅಷ್ಟೆ.

ದಿನದ ಮುಖ್ಯ ಕೆಲಸ ನಿಮಗೆ ಬರುತ್ತದೆ ಎಂದಾದರೆ ಹಾಕಿ ಎಂದೆ. ಸ್ಯಾಪ್ ಬರುತ್ತೆ ಅಂತ ಮಾತ್ರ ಬರೆಯಬೇಡಿ. ‘ಟ್ಯಾಲಿಯಲ್ಲಿ ಕೆಲಸ ಮಾಡಿದ್ದೇನೆ, ಸ್ಯಾಪ್ ಬಳಸಿಲ್ಲ. ವ್ಯಾಟ್‌ನಿಂದ ಜಿಎಸ್‌ಟಿಗೆ ಬದಲಾದಾಗ ರಿಟರ್ನ್‌ಗಳನ್ನು ನಾನೇ ನೋಡಿಕೊಂಡೆ’ ಎಂದು ಅಲ್ಲೇ ಕೂರಿಸಿ ಬರೆಸಿದೆ.

ಸುಮ್ನೆ ಆಸೆ ಹುಟ್ಟಿಸುತ್ತೀರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ನೋಂದಣಿ ಇಲ್ಲದೆ ನರ್ಸ್, ಫಾರ್ಮಸಿಸ್ಟ್ ಕೆಲಸಕ್ಕೆ ಹೋಗಿ ಎಂದು ಯಾರಿಗೂ ಹೇಳಿಲ್ಲ. ಅಲ್ಲಿ ಕಾನೂನಿದೆ, ರೋಗಿಯ ಜೀವವಿದೆ. ಸ್ಯಾಪ್ ಹಾಗಲ್ಲ, ಕಲಿಯಬಹುದು. ಬೇಡ ಎನ್ನುವುದು ಕಂಪನಿಯವರ ಕೆಲಸ. ಅದನ್ನೂ ಇವರೇ ಮಾಡಿಕೊಂಡು ಕೂತರೆ ಹೇಗೆ?

ಸುಮಾ ಮೂರು ಕಡೆ ಹಾಕಿದರು. ಎರಡು ಕಡೆಯಿಂದ ಉತ್ತರವಿಲ್ಲ. ಮೂರನೆಯವರು ಕರೆದು, ಸ್ಯಾಪ್ ಬಗ್ಗೆ ಒಂದೇ ಪ್ರಶ್ನೆ ಕೇಳಿ, ಉಳಿದ ಹೊತ್ತೆಲ್ಲ ಜಿಎಸ್‌ಟಿ ಮಾತಾಡಿದರಂತೆ. ಇನ್ನೂ ಏನೂ ತಿಳಿಸಿಲ್ಲ. ಅಷ್ಟರಲ್ಲಿ ಇವರು ನಾಲ್ಕನೆಯದಕ್ಕೂ ಹಾಕಿದ್ದಾರೆ. ಅದರಲ್ಲಿ ಇವರಿಗಿಲ್ಲದ ಅರ್ಹತೆಗಳು ಮೂರು.